ಹಿಂದೆ ಮನೆ, ಮುಂದೆ ಪೊಲೀಸ್

ಕಳೆದ ತಿಂಗಳು ಇದೇ ಅಂಕಣದಲ್ಲಿ, ವಿದೇಶದಲ್ಲಿ ಕಾರಿನ ಹಿಂದೆ ಕ್ಯಾರವಾನ್ ಕಟ್ಟಿಕೊಂಡು ಊರೂರು ಸುತ್ತುವವರ ಬಗ್ಗೆ ಸುಮ್ನೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಇಷ್ಟೊಂದು ಪತ್ರ ಬರುತ್ತೆ ಅಂದುಕೊಂಡಿರಲಿಲ್ಲ. ಮಗ ಜರ್ಮನಿಯಲ್ಲಿ, ಮಗಳು ಇಂಗ್ಲೆಂಡಿನಲ್ಲಿ, ತಮ್ಮ ಆಸ್ಟ್ರೇಲಿಯಾದಲ್ಲಿ. ಬೇಸಿಗೆ ಬಂದರೆ ಬೆಂಗಳೂರಿನ ಎಷ್ಟೋ ಅಪ್ಪ ಅಮ್ಮಂದಿರು ಎರಡು ಮೂರು ತಿಂಗಳು ಅಲ್ಲೇ. ಈಗ ಮಕ್ಕಳು ಹೋಟೆಲ್ ಬಿಟ್ಟು ಕ್ಯಾರವಾನ್ ಹಿಡಿದಿದ್ದಾರೆ. ಸಿನಿಮಾ ಶೂಟಿಂಗ್ ಜಾಗದಲ್ಲಿ ನಿಂತಿರುತ್ತಲ್ಲ, ಆ ದೊಡ್ಡ ಬಸ್ಸಿನ ಮಾತಲ್ಲ ಇದು. ಇಂಜಿನ್ ಇಲ್ಲದ, ಕಾರು ಎಳೆದುಕೊಂಡು ಹೋಗುವ ಚಕ್ರದ ಮನೆ.

ಬರೆದವರಲ್ಲಿ ಹೆಚ್ಚಿನವರಿಗೆ ಇರೋದು ಒಂದೇ ಭಯ: ದಾರಿಯಲ್ಲಿ ಪೊಲೀಸರು ಕೈ ಅಡ್ಡ ಹಾಕಿದರೆ ಏನು ಗತಿ? ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಅಲ್ಲಿ ತಪಾಸಣೆ ಮಾಡುವವರಿಗೆ ನಿಮ್ಮ ವಯಸ್ಸು, ಅನುಭವ, ಮಾತಿನ ಚಾತುರ್ಯ ಯಾವುದೂ ಲೆಕ್ಕಕ್ಕಿಲ್ಲ. ಡ್ರೈವಿಂಗ್ ಪರ್ಮಿಟ್ ಮೇಲಿನ ಮುದ್ರೆ, ಗಾಡಿಗೆ ಹಾಕಿರುವ ಲೋಹದ ತಟ್ಟೆ ಮೇಲಿನ ಅಂಕಿ, ತೂಕದ ಯಂತ್ರ ತೋರಿಸುವ ಅಂಕಿ, ಇವು ತಾಳೆಯಾದರೆ ಕೆಲಸ ಬೇಗ ಮುಗಿಯುತ್ತದೆ. ತಾಳೆಯಾಗದಿದ್ದರೆ ಯಾರ ಹೆಸರು ಹೇಳಿದರೂ ನಡೆಯೋದಿಲ್ಲ.

ಮಗ ಸ್ಟುಟ್‌ಗಾರ್ಟ್‌ನಲ್ಲಿ ಹಳೇ ಕ್ಯಾರವಾನ್ ಒಂದನ್ನು ಕೊಂಡಿದ್ದಾನೆ. ಜೂನ್‌ನಲ್ಲಿ ನಾವಿಬ್ಬರೂ ಹೋಗುತ್ತಿದ್ದೇವೆ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್ ಸುತ್ತುವ ಯೋಚನೆ. ನಾನು ಮೂವತ್ತು ವರ್ಷದಿಂದ ಕಾರು ಓಡಿಸಿದವನು, ಶಿರಾಡಿ ಘಾಟ್ ನನಗೆ ಮನೆ ಅಂಗಳ. ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸಿಕೊಂಡರೆ ನಾನೂ ಓಡಿಸಬಹುದು ಅಲ್ವಾ? (ಒಬ್ಬ ಓದುಗರು, ಜಯನಗರ)

ಕಾರು ಓಡಿಸಿ ಸರ್, ಧಾರಾಳವಾಗಿ. ಕ್ಯಾರವಾನ್ ಕಟ್ಟಿದ ಕಾರು ಮಾತ್ರ ಮಗನಿಗೇ ಬಿಡಿ.

ಪರ್ಮಿಟ್ ಸಿಗೋದು ಕಷ್ಟವಲ್ಲ. ಪರಿವಾಹನ್ ಸಾರಥಿ ಜಾಲತಾಣದಲ್ಲಿ ಅರ್ಜಿ ಹಾಕಿ, ನಿಮ್ಮ ಆರ್‌ಟಿಓ ಕಚೇರಿಯಿಂದ ತಗೊಳ್ಳಬಹುದು. ಶುಲ್ಕ 1,000 ರೂಪಾಯಿ, ಒಂದು ವರ್ಷ ನಡೆಯುತ್ತದೆ. ಆದರೆ ಕೈಗೆ ಬಂದ ಮೇಲೆ ಅದನ್ನು ಬ್ಯಾಗಿನಲ್ಲಿ ಹಾಗೇ ಇಟ್ಟುಕೊಳ್ಳಬೇಡಿ, ಒಮ್ಮೆ ಬಿಚ್ಚಿ ಓದಿ. ಅದರಲ್ಲಿ ಎ, ಬಿ, ಸಿ, ಡಿ, ಇ ಅಂತ ಐದು ವರ್ಗ ಇರುತ್ತವೆ. ನಿಮ್ಮ ಲೈಸೆನ್ಸ್‌ನಲ್ಲಿ ಎಲ್‌ಎಂವಿ ಇದ್ದರೆ ಮುದ್ರೆ ಬೀಳೋದು ಬಿ ಮೇಲೆ. ಈ ಪರ್ಮಿಟ್‌ಗೆ ಆಧಾರ 1949ರ ಜಿನೀವಾ ಒಪ್ಪಂದ. ಅದರ ಪ್ರಕಾರ ಬಿ ಅಂದರೆ ಡ್ರೈವರ್ ಸೀಟು ಬಿಟ್ಟು ಎಂಟು ಸೀಟಿನವರೆಗಿನ ಕಾರು, ಅಥವಾ 3,500 ಕೆಜಿ ಒಳಗಿನ ಸಾಮಾನಿನ ಗಾಡಿ. ಜೊತೆಗೆ ಒಂದು ಹಗುರ ಟ್ರೈಲರ್. ಹಗುರ ಅಂದರೆ 750 ಕೆಜಿವರೆಗೆ. ಅದಕ್ಕಿಂತ ಭಾರದ್ದು ಎಳೆಯಬೇಕಾದರೆ ಇ ಮೇಲೂ ಮುದ್ರೆ ಇರಬೇಕು. ಇಬ್ಬರು ಮೂವರು ಮಲಗುವ ಸಾಧಾರಣ ಕ್ಯಾರವಾನ್ ಕೂಡ ಸಾಮಾನು ತುಂಬಿದ ಮೇಲೆ ಸಾವಿರ ಕೆಜಿ ದಾಟಿರುತ್ತದೆ. ಪೊಲೀಸ್ ಪರ್ಮಿಟ್ ಬಿಚ್ಚಿ ಇ ಖಾಲಿ ಇರೋದು ನೋಡಿದರೆ ನಿಮ್ಮ ಮೂವತ್ತು ವರ್ಷದ ಅನುಭವ ಆ ಪರ್ಮಿಟ್‌ನ ಯಾವ ಕಾಲಂನಲ್ಲೂ ಬರೆದಿರೋದಿಲ್ಲ. ಅಪಘಾತ ಆದರೆ ಇನ್ಶೂರೆನ್ಸ್ ಕಂಪನಿಯವರಿಗೂ ಅದೊಂದೇ ಸಾಕು.

ಅಂದಹಾಗೆ, ಮಗನ ಲೈಸೆನ್ಸ್ ಕೂಡ ಒಮ್ಮೆ ನೋಡಿ. ಯುರೋಪಿನ ಬಿ ಲೈಸೆನ್ಸ್‌ನಲ್ಲಿ 750 ಕೆಜಿಗಿಂತ ಭಾರದ ಟ್ರೈಲರ್ ಎಳೆಯಬೇಕಾದರೆ ಕಾರು, ಟ್ರೈಲರ್ ಎರಡರ ಗರಿಷ್ಠ ತೂಕ ಸೇರಿ 3,500 ಕೆಜಿ ಒಳಗಿರಬೇಕು. 4,250ರವರೆಗೆ ಹೋಗಬೇಕಾದರೆ ಬಿ96 ಅನ್ನೋ ಸೇರ್ಪಡೆ ಬೇಕು. ಅದಕ್ಕೂ ಮೇಲಕ್ಕೆ ಬಿಇ. ಇಲ್ಲಿ ಲೆಕ್ಕ ಹಾಕೋದು ಅವತ್ತು ಗಾಡಿ ಎಷ್ಟು ತೂಗುತ್ತೆ ಅಂತ ಅಲ್ಲ, ಕಾಗದದಲ್ಲಿ ಎಷ್ಟು ತೂಗಬಹುದು ಅಂತ ಬರೆದಿದೆ ಅಂತ. ಕಾರಿನ ಗರಿಷ್ಠ 2,100, ಕ್ಯಾರವಾನಿನ ಗರಿಷ್ಠ 1,500 ಅಂದುಕೊಳ್ಳಿ. 3,600 ಆಯಿತು. ಕ್ಯಾರವಾನ್ ಖಾಲಿ ಇದ್ದರೂ ಬರೀ ಬಿ ಇಟ್ಟುಕೊಂಡು ಅದನ್ನು ಎಳೆಯುವ ಹಾಗಿಲ್ಲ. ಎಷ್ಟೋ ಜನ ಎಡವೋದು ಇಲ್ಲೇ.

ಇನ್ನೊಂದು. ಪರ್ಮಿಟ್ ಒಂದೇ ಇದ್ದರೆ ಅದಕ್ಕೆ ಬೆಲೆ ಇಲ್ಲ, ಜೊತೆಗೆ ಒರಿಜಿನಲ್ ಲೈಸೆನ್ಸ್ ಕಾರ್ಡ್ ಇರಲೇಬೇಕು. ಫೋನಿನಲ್ಲಿ ಡಿಜಿಲಾಕರ್ ತೋರಿಸೋದು ಕೋರಮಂಗಲದಲ್ಲಿ ನಡೆಯುತ್ತೆ, ಸ್ಟುಟ್‌ಗಾರ್ಟ್‌ನಲ್ಲಿ ಅಲ್ಲ.

ಸ್ವಿಟ್ಜರ್ಲೆಂಡ್, ಆಸ್ಟ್ರಿಯಾದಲ್ಲಿ ಟೋಲ್‌ಗೆ ಫಾಸ್ಟ್ಯಾಗ್ ತರ ಏನಾದರೂ ಇದೆಯಾ? (ಬನಶಂಕರಿ)

ವಿನ್ಯೆಟ್ ಅಂತ ಇದೆ. ಮೊದಲೇ ಹಣ ಕಟ್ಟಿ ಮೋಟಾರ್‌ವೇಗೆ ಇಳಿಯಬೇಕು. ಸ್ವಿಟ್ಜರ್ಲೆಂಡ್‌ನಲ್ಲಿ ಕಾರಿಗೆ 40 ಫ್ರಾಂಕ್, ಕ್ಯಾರವಾನ್‌ಗೆ ಬೇರೆ 40 ಫ್ರಾಂಕ್. ಎರಡನೆಯದನ್ನು ಮರೆಯುವವರೇ ಜಾಸ್ತಿ. 2023ರಿಂದ ಆನ್‌ಲೈನ್‌ನಲ್ಲೂ ಸಿಗುತ್ತದೆ. ಆಸ್ಟ್ರಿಯಾದಲ್ಲಿ ಕಾರಿನದ್ದೊಂದು ಇದ್ದರೆ ಸಾಕು, ಹಿಂದಿನ ಕ್ಯಾರವಾನ್‌ಗೆ ಪ್ರತ್ಯೇಕವಾಗಿ ಬೇಡ.

ಪೊಲೀಸರು ನಿಲ್ಲಿಸಿದರೆ ಇಳಿದು ಹೋಗಬೇಕಾ, ಒಳಗೇ ಕೂರಬೇಕಾ? ಏನೇನು ನೋಡುತ್ತಾರೆ? ನಮಗೆ ಜರ್ಮನ್ ಒಂದಕ್ಷರ ಬರೋದಿಲ್ಲ. (ಮಲ್ಲೇಶ್ವರ)

ಇಳಿಯಬೇಡಿ. ನಮ್ಮಲ್ಲಿ ಟ್ರಾಫಿಕ್ ಪೊಲೀಸ್ ಕೈ ತೋರಿಸಿದ ಕೂಡಲೇ ಡ್ರೈವರ್ ಕಾಗದ ಹಿಡಿದು ಇಳಿದು ಸಾಹೇಬರ ಹತ್ತಿರ ಓಡುತ್ತಾನೆ. ಅಲ್ಲಿ ಹಾಗೆ ಮಾಡಿದರೆ ಅನುಮಾನ ಬರುತ್ತದೆ, ಅಮೆರಿಕದಲ್ಲಂತೂ ಅಪಾಯವೇ. ಇಂಜಿನ್ ಆಫ್ ಮಾಡಿ, ಕಿಟಕಿ ಇಳಿಸಿ, ಎರಡೂ ಕೈ ಸ್ಟೀರಿಂಗ್ ಮೇಲಿಟ್ಟು ಕೂತಿರಿ. ಅವರೇ ಬರುತ್ತಾರೆ. ಕಾಗದ ಬ್ಯಾಗಿನಲ್ಲಿದ್ದರೆ ಕೇಳಿದ ಮೇಲೆ ತೆಗೆಯಿರಿ.

ನಿಲ್ಲಿಸುವ ರೀತಿ ದೇಶಕ್ಕೊಂದು. ಬ್ರಿಟನ್‌ನಲ್ಲಿ ಪೊಲೀಸ್ ಕಾರು ಹಿಂದಿನಿಂದ ಬಂದು ನೀಲಿ ದೀಪ ಹಾಕುತ್ತದೆ, ನೀವು ಸುರಕ್ಷಿತ ಜಾಗ ನೋಡಿ ಎಡಕ್ಕೆ ನಿಲ್ಲಿಸಬೇಕು. ಜರ್ಮನಿಯಲ್ಲಿ ಅದು ನಿಮ್ಮನ್ನು ದಾಟಿ ಮುಂದೆ ಬರುತ್ತದೆ, ಮೇಲಿನ ಫಲಕದಲ್ಲಿ 'ಬಿಟ್ಟೆ ಫೋಲ್ಗೆನ್' ಅಂತ ಅಕ್ಷರ ಓಡುತ್ತದೆ. ದಯವಿಟ್ಟು ಹಿಂದೆ ಬನ್ನಿ ಅಂತ. ಸುಮ್ನೆ ಹಿಂಬಾಲಿಸಿ, ಅವರೇ ಮುಂದಿನ ಪಾರ್ಕಿಂಗ್‌ಗೆ ಕರೆದುಕೊಂಡು ಹೋಗುತ್ತಾರೆ. ಫ್ರಾನ್ಸ್‌ನಲ್ಲಿ ಟೋಲ್ ಗೇಟು ದಾಟಿದ ತಕ್ಷಣ ಜಾಂಡಾರ್ಮ್ ಅನ್ನೋ ಪೊಲೀಸರು ನಿಂತಿರೋದು ಉಂಟು. ಸ್ಪೇನ್ ಕಡೆ ಹೋಗುವವರಿಗೆ ಒಂದು ಎಚ್ಚರಿಕೆ: ಪಕ್ಕದ ಕಾರಿನವನು 'ನಿಮ್ಮ ಟೈರ್ ನೋಡಿ' ಅಂತ ಸನ್ನೆ ಮಾಡಿ ನಿಲ್ಲಿಸಿ, ಇನ್ನೊಬ್ಬ ಆ ಕಡೆಯಿಂದ ಬ್ಯಾಗ್ ಎತ್ತುವ ಕಳ್ಳತನ ಅಲ್ಲಿಯ ಹೆದ್ದಾರಿಗಳಲ್ಲಿ ಹಳೆಯದು. ಸಮವಸ್ತ್ರ ಇಲ್ಲದವರು ಯಾರೇ ಸನ್ನೆ ಮಾಡಲಿ, ಜನ ಓಡಾಡುವ ಪೆಟ್ರೋಲ್ ಬಂಕ್‌ವರೆಗೆ ನಿಲ್ಲಿಸಬೇಡಿ.

ಕಾಗದ ನೋಡಿ ಆದ ಮೇಲೆ ಪೊಲೀಸ್ ಸೀದಾ ಹೋಗೋದು ಕಾರಿಗೂ ಕ್ಯಾರವಾನ್‌ಗೂ ಮಧ್ಯೆ ಇರುವ ಕೊಂಡಿ ಹತ್ತಿರ. ಕುಕ್ಕರಗಾಲಲ್ಲಿ ಕೂತು ಟಾರ್ಚ್ ಬಿಡುತ್ತಾರೆ. ಕಾರಿನ ಹಿಂದೆ 50 ಮಿಲಿಮೀಟರಿನ ಉಕ್ಕಿನ ಗುಂಡು, ಅದರ ಮೇಲೆ ಕ್ಯಾರವಾನಿನ ಮೂತಿ ಕೂತಿರುತ್ತದೆ. ಪಕ್ಕದಲ್ಲಿ ಸಣ್ಣ ತಂತಿ ಇರುತ್ತದೆ, ಸಾಮಾನ್ಯವಾಗಿ ಕೆಂಪು ಪ್ಲಾಸ್ಟಿಕ್ ಹೊದಿಕೆಯದ್ದು. ಬ್ರೇಕ್‌ಅವೇ ಕೇಬಲ್ ಅಂತಾರೆ. ಓಡುವಾಗ ಕ್ಯಾರವಾನ್ ಕಳಚಿಕೊಂಡರೆ ಈ ತಂತಿ ಬಿಗಿದು ಕ್ಯಾರವಾನಿನ ಹ್ಯಾಂಡ್‌ಬ್ರೇಕ್ ಎಳೆದು, ಆಮೇಲೆ ತುಂಡಾಗುತ್ತದೆ. ಅಂದರೆ ಬಿಟ್ಟುಹೋದ ಕ್ಯಾರವಾನ್ ಎದುರಿನವರ ಮೇಲೆ ನುಗ್ಗದೆ ತನ್ನಷ್ಟಕ್ಕೆ ನಿಲ್ಲುತ್ತದೆ. ಎಷ್ಟೋ ಜನ ಈ ತಂತಿಯನ್ನು ಗುಂಡಿನ ಕುತ್ತಿಗೆಗೇ ಒಂದು ಸುತ್ತು ಹಾಕಿ ಬಿಡುತ್ತಾರೆ. ನೆದರ್‌ಲ್ಯಾಂಡ್ಸ್ ಮತ್ತು ಸ್ವಿಟ್ಜರ್ಲೆಂಡ್‌ನಲ್ಲಿ ಅದು ನಡೆಯಲ್ಲ. ಟೋಬಾರ್‌ಗೆ, ಅಂದರೆ ಗುಂಡನ್ನು ಹೊತ್ತಿರುವ ಕಾರಿನ ಹಿಂದಿನ ಕಂಬಿಗೆ, ಗಟ್ಟಿಯಾಗಿ ಕೂರಿಸಿದ ಬಳೆಗೇ ಕೊಕ್ಕೆ ಹಾಕಿರಬೇಕು, ಇಲ್ಲದಿದ್ದರೆ ದಂಡ. ಸುತ್ತು ಹಾಕಿದ್ದು ಗುಂಡಿನಿಂದ ಜಾರಿ ಬಂದರೆ ಬ್ರೇಕ್ ಎಳೆಯೋದು ಯಾರು? ಹಾಗಾಗಿ ನಿಯಮ ನನಗೆ ಸರಿ ಅನ್ನಿಸುತ್ತದೆ. ನೀವು ಹೋಗುವ ಕಾರಿನ ಟೋಬಾರ್‌ನಲ್ಲಿ ಅಂಥ ಬಳೆ ಇದೆಯಾ ಅಂತ ಹೊರಡುವ ಮುಂಚೆ ಬಗ್ಗಿ ನೋಡಿ.

ಆಮೇಲೆ ಟೈರ್. ಅದರ ಮೇಲಿನ ಗೀರುಗಳ ಆಳ ಕನಿಷ್ಠ 1.6 ಮಿಲಿಮೀಟರ್ ಇರಬೇಕು. ಆದರೆ ಕ್ಯಾರವಾನಿನ ಟೈರ್ ಸವೆಯೋದೇ ಇಲ್ಲ, ವರ್ಷದಲ್ಲಿ ಹತ್ತು ತಿಂಗಳು ನಿಂತೇ ಇರುತ್ತದಲ್ಲ. ಅದು ಕೆಡೋದು ವಯಸ್ಸಾಗಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 2319 ಅಂತ ಇದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಜರ್ಮನಿಯಲ್ಲಿ ಇದಕ್ಕೆ ಇನ್ನೊಂದು ಮಹತ್ವ ಇದೆ. ಅಲ್ಲಿ ಕ್ಯಾರವಾನ್ ಕಟ್ಟಿದ ಕಾರಿಗೆ ಗಂಟೆಗೆ 80 ಕಿಲೋಮೀಟರ್ ಮಿತಿ. ಕ್ಯಾರವಾನ್ ಹಿಂದೆ 100ರ ಸ್ಟಿಕ್ಕರ್ ಪಡೆದಿದ್ದರೆ ಆಟೋಬಾನ್ ಅನ್ನೋ ಅಲ್ಲಿಯ ಮೋಟಾರ್‌ವೇನಲ್ಲಿ 100ರಲ್ಲಿ ಹೋಗಬಹುದು. ಆ ಸೌಲಭ್ಯಕ್ಕೆ ಟೈರ್ ಆರು ವರ್ಷದ ಒಳಗಿನದ್ದಾಗಿರಬೇಕು. ಸ್ಟಿಕ್ಕರ್ ಇದೆ, ಟೈರ್ ಹಳೇದು ಅಂದರೆ ನೀವು 80ರ ಗಾಡಿಯೇ. ಪೊಲೀಸರು ಆ ನಾಲ್ಕು ಅಂಕಿ ಓದುವುದು ಅದಕ್ಕೇ.

ಉಳಿದದ್ದು ಬೇಗ ಹೇಳುತ್ತೇನೆ. ಇಂಡಿಕೇಟರ್, ಬ್ರೇಕ್ ಲೈಟ್ ಹೊತ್ತಬೇಕು. ಅದಕ್ಕೆ ಕಾರಿನಿಂದ ಕರೆಂಟ್ ತರುವ ಪ್ಲಗ್ ಈಗಿನ ಕ್ಯಾರವಾನ್‌ಗಳಲ್ಲಿ 13 ಪಿನ್ನಿನದ್ದು, ಹಳೇದರಲ್ಲಿ 7 ಪಿನ್ನಿನದ್ದು, ಬಾಡಿಗೆ ಕಾರಾದರೆ ಅಡಾಪ್ಟರ್ ಬೇಕಾದೀತು. ಕ್ಯಾರವಾನ್ ಕಾರಿಗಿಂತ ಅಗಲ ಇದ್ದರೆ ಕನ್ನಡಿಗೆ ಹೆಚ್ಚುವರಿ ಕನ್ನಡಿ ಸಿಕ್ಕಿಸಿರಬೇಕು. ಜರ್ಮನಿಯಲ್ಲಿ ತ್ರಿಕೋನ ಫಲಕ, ಹೊಳೆಯುವ ಜಾಕೆಟ್, ಫಸ್ಟ್ ಏಡ್ ಪೆಟ್ಟಿಗೆ ಮೂರೂ ಕಡ್ಡಾಯ. ಜಾಕೆಟ್ ಡಿಕ್ಕಿಯಲ್ಲಿ ಇಡಬೇಡಿ, ಸೀಟಿನ ಹತ್ತಿರ ಇಡಿ. ಕೆಟ್ಟು ನಿಂತ ಗಾಡಿಯಿಂದ ಇಳಿಯುವ ಮುಂಚೆ ಹಾಕಿಕೊಳ್ಳಬೇಕಾದದ್ದು ಅದು. ಭಾಷೆ ಚಿಂತೆ ಬಿಡಿ. ಇದರಲ್ಲಿ ಮಾತಾಡುವಂಥದ್ದು ಏನೂ ಇಲ್ಲ.

ನಮ್ಮ ಮನೆಯವರಿಗೆ ಹೊರಗಿನ ಊಟ ಆಗೋದಿಲ್ಲ. ಕ್ಯಾರವಾನಿನಲ್ಲಿ ಅಡುಗೆಮನೆ ಇದೆಯಂತೆ. ಅಕ್ಕಿ, ಬೇಳೆ, ಕುಕ್ಕರ್, ತುಪ್ಪ, ಕರಿಬೇವು ಎಲ್ಲಾ ಇಲ್ಲಿಂದಲೇ ತಗೊಂಡು ಹೋಗಬಹುದಾ? ತೂಕದ ಮಿತಿ ಅಂತ ಮಗಳು ಏನೋ ಹೇಳುತ್ತಿದ್ದಳು. (ಗೃಹಿಣಿಯೊಬ್ಬರು, ವಿಜಯನಗರ)

ಮೇಡಂ, ಮಗಳು ಹೇಳಿದ್ದು ಸರಿ. ಮೊದಲು ವಿಮಾನದ ಮಾತು. ಯುರೋಪಿಯನ್ ಯೂನಿಯನ್ ದೇಶಗಳಿಗೆ ಹೊರಗಿನಿಂದ ಮಾಂಸ, ಹಾಲಿನ ಪದಾರ್ಥ ಬ್ಯಾಗಿನಲ್ಲಿ ತರುವ ಹಾಗಿಲ್ಲ. ತುಪ್ಪವೂ ಅದರಲ್ಲೇ ಬಂತು. ಹಸಿ ಸೊಪ್ಪು, ತರಕಾರಿ, ಹಣ್ಣಿಗೆ ಸಸ್ಯ ಆರೋಗ್ಯದ ಸರ್ಟಿಫಿಕೇಟ್ ಬೇಕು. ಹಾಗಾಗಿ ಹಿತ್ತಲಿನ ಕರಿಬೇವು ಇಲ್ಲೇ ಬಿಡಿ. ವಿನಾಯಿತಿ ಇರೋದು ಐದೇ ಹಣ್ಣಿಗೆ: ಅನಾನಸ್, ತೆಂಗು, ದುರಿಯನ್, ಬಾಳೆ, ಖರ್ಜೂರ. ತೆಂಗಿನಕಾಯಿ, ಬಾಳೆಹಣ್ಣು ಎರಡೂ ಪಾಸ್! ಪೂಜೆಗೆ ತೊಂದರೆ ಇಲ್ಲ ಅಂತಾಯಿತು. ಸಾರಿನಪುಡಿ, ಚಟ್ನಿಪುಡಿ ಗಟ್ಟಿಯಾಗಿ ಪ್ಯಾಕ್ ಮಾಡಿ ತಗೊಂಡು ಹೋಗಿ.

ಈಗ ಕ್ಯಾರವಾನ್. ಅದರ ಬಾಗಿಲ ಪಕ್ಕದಲ್ಲೋ ಮುಂಭಾಗದಲ್ಲೋ ಒಂದು ಲೋಹದ ತಟ್ಟೆ ಅಥವಾ ಸ್ಟಿಕ್ಕರ್ ಇರುತ್ತದೆ, ಗರಿಷ್ಠ ಇಷ್ಟು ಕೆಜಿ ಅಂತ. ಆ ಗರಿಷ್ಠದಿಂದ ಖಾಲಿ ತೂಕ ಕಳೆದರೆ ಉಳಿಯೋದೇ ನಿಮ್ಮ ಸಾಮಾನಿನ ಪಾಲು. ಸಾಮಾನ್ಯ ಕ್ಯಾರವಾನ್‌ಗಳಲ್ಲಿ ಅದು 150 ಕೆಜಿ ಆಸುಪಾಸು, ಅಷ್ಟೇ. ಗ್ಯಾಸ್ ಸಿಲಿಂಡರ್, ಬ್ಯಾಟರಿ, ಮಡಚುವ ಕುರ್ಚಿ ಮೇಜು, ಹೊರಗೆ ಕಟ್ಟುವ ಟೆಂಟು, ಇವೇ ಅರ್ಧಕ್ಕಿಂತ ಜಾಸ್ತಿ ನುಂಗುತ್ತವೆ. 40 ಲೀಟರ್ ನೀರು ತುಂಬಿಸಿಕೊಂಡರೆ 40 ಕೆಜಿ. ಇನ್ನು 25 ಕೆಜಿ ಸೋನಾ ಮಸೂರಿ ಮೂಟೆ, ಇಡ್ಲಿ ಪಾತ್ರೆ, ಮೂರು ಲೀಟರಿನ ಕುಕ್ಕರ್, ಒರಳಿನಂಥ ಗ್ರೈಂಡರ್ ಇಟ್ಟರೆ ಕಥೆ ಮುಗಿಯಿತು. ಅಕ್ಕಿ ಬೇಳೆ ಯುರೋಪಿನ ದೊಡ್ಡ ಊರುಗಳ ಇಂಡಿಯನ್ ಅಂಗಡಿಗಳಲ್ಲಿ ಸಿಗುತ್ತದೆ, ಒಂದು ವಾರಕ್ಕೆ ಬೇಕಾದಷ್ಟು ಕೊಳ್ಳಿ. ನೀರು ಕ್ಯಾಂಪ್ ಸೈಟ್ ತಲುಪಿದ ಮೇಲೆ ತುಂಬಿಸಿ.

ಎಲ್ಲಿ ಇಡುತ್ತೀರಿ ಅನ್ನೋದು ಎಷ್ಟು ಇಡುತ್ತೀರಿ ಅನ್ನೋದರಷ್ಟೇ ಮುಖ್ಯ. ಭಾರದ್ದೆಲ್ಲ ನೆಲದ ಮೇಲೆ, ಚಕ್ರದ ನೇರಕ್ಕೆ. ಮೇಲಿನ ಕಪಾಟಿನಲ್ಲಿ ಬಟ್ಟೆ, ಬಿಸ್ಕತ್ತು. ಹಿಂತುದಿಯಲ್ಲಿ ಭಾರ ಇಟ್ಟರೆ ಮೂತಿ ಮೇಲೇಳುತ್ತದೆ, ಗಾಡಿ ಓಲಾಡುತ್ತದೆ. ಮೂತಿ ಕಾರಿನ ಗುಂಡಿನ ಮೇಲೆ ಒತ್ತುವ ತೂಕ ಒಟ್ಟು ಕ್ಯಾರವಾನಿನ 5ರಿಂದ 7 ಶೇಕಡಾ ಇದ್ದರೆ ಒಳ್ಳೆಯದು. 1,300 ಕೆಜಿ ಕ್ಯಾರವಾನ್ ಆದರೆ 65ರಿಂದ 90 ಕೆಜಿ. ಆದರೆ ಕಾರಿನ ಟೋಬಾರ್ ಮೇಲೆ 75 ಅಂತ ಕೆತ್ತಿದ್ದರೆ 75 ದಾಟಬಾರದು. ಇದನ್ನು ನೋಡಲು ದೊಡ್ಡ ಯಂತ್ರ ಬೇಡ. ಸಮತಟ್ಟಾದ ಜಾಗದಲ್ಲಿ, ಮನೆಯಲ್ಲಿ ನಾವು ನಿಂತು ತೂಕ ನೋಡಿಕೊಳ್ಳುತ್ತೇವಲ್ಲ, ಆ ಯಂತ್ರದ ಮೇಲೆ ಗಟ್ಟಿ ಮರದ ತುಂಡು ನಿಲ್ಲಿಸಿ, ಅದರ ಮೇಲೆ ಮೂತಿ ಇಳಿಸಿದರೆ ಗೊತ್ತಾಗುತ್ತದೆ.

ದಾರಿಯಲ್ಲಿ ಪೊಲೀಸರು ಚಕ್ರದ ಕೆಳಗೆ ತೂಕದ ಹಲಗೆ ಇಡಬಹುದು, ಇಲ್ಲವೇ ಹತ್ತಿರದ ವೇಬ್ರಿಡ್ಜ್‌ಗೆ ಕಳಿಸಬಹುದು. ಜಾಸ್ತಿ ಬಂದರೆ ದಂಡ ಕಟ್ಟಿ ಹೊರಡೋಣ ಅಂದರೆ ಆಗಲ್ಲ. ತೂಕ ಇಳಿಸದೆ ಮುಂದೆ ಬಿಡೋದಿಲ್ಲ ಅನ್ನಬಹುದು. ಹೆದ್ದಾರಿ ಬದಿಯಲ್ಲಿ ಅಕ್ಕಿ ಮೂಟೆ ಇಳಿಸಿ ಯಾರಿಗೆ ಕೊಡುತ್ತೀರಿ ಹೇಳಿ? ಹೊರಡುವ ಹಿಂದಿನ ದಿನ ಪೂರ್ತಿ ಸಾಮಾನು ತುಂಬಿ ಒಮ್ಮೆ ವೇಬ್ರಿಡ್ಜ್ ಹತ್ತಿಸಿ, ಚೀಟಿ ಇಟ್ಟುಕೊಳ್ಳಲು ಮಗಳಿಗೆ ಹೇಳಿ.

ನಮ್ಮ ಅತ್ತೆಯವರಿಗೆ ಸೊಂಟ ನೋವು. ಕ್ಯಾರವಾನ್ ಓಡುವಾಗ ಅವರು ಒಳಗಿನ ಮಂಚದ ಮೇಲೆ ಮಲಗಿಕೊಂಡು ಬರಬಹುದಲ್ವಾ? (ಹೆಸರು ಬೇಡ ಅಂದಿದ್ದಾರೆ)

ಆಗೋದೇ ಇಲ್ಲಮ್ಮ. ಬ್ರಿಟನ್‌ನಲ್ಲಿ ಓಡುವ ಕ್ಯಾರವಾನಿನ ಒಳಗೆ ಜನ ಇರುವುದು ಕಾನೂನಿಗೆ ವಿರುದ್ಧ. ಬೇರೆ ಕಡೆ ಹೇಗೋ ಅಂತ ಹುಡುಕಲೂ ಹೋಗಬೇಡಿ, ಅದು ಸೀಟ್ ಬೆಲ್ಟ್ ಇಲ್ಲದ ತೆಳು ಪ್ಲೈವುಡ್ ಪೆಟ್ಟಿಗೆ. ಅವರನ್ನು ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿ, ಎರಡು ಗಂಟೆಗೊಮ್ಮೆ ನಿಲ್ಲಿಸಿ. ನಿಲ್ಲಿಸಿದಾಗ ಬೇಕಾದರೆ ಮಂಚದ ಮೇಲೆ ಮಲಗಲಿ. ಅವರ ಆರಾಮವೇ ಮುಖ್ಯ ಅಂದರೆ ಮೋಟಾರ್‌ಹೋಮ್, ಅಂದರೆ ಇಂಜಿನ್ ಇರುವ ಮನೆ-ಗಾಡಿ, ಬಾಡಿಗೆಗೆ ತಗೊಳ್ಳಿ. ಅದರಲ್ಲೂ ಓಡುವಾಗ ಬೆಲ್ಟ್ ಹಾಕಿ ಕೂರಲೇಬೇಕು, ಆದರೆ ಕಾಲು ಚಾಚಲು ಜಾಗ ಜಾಸ್ತಿ.

ಮಗಳು ಅಳಿಯ ಇಂಗ್ಲೆಂಡಿನಿಂದ ಕ್ಯಾರವಾನ್ ಕಟ್ಟಿಕೊಂಡು ಫ್ರಾನ್ಸ್, ಜರ್ಮನಿಗೆ ಹೊರಟಿದ್ದಾರೆ, ನಾವೂ ಜೊತೆ. ಕ್ಯಾರವಾನ್‌ಗೆ ಆರ್‌ಸಿ ಬುಕ್ಕೇ ಇಲ್ಲ ಅಂತಾನೆ ಅಳಿಯ. ಇದೆಂಥದ್ದು? (ಬಸವನಗುಡಿ)

ಅಳಿಯ ಹೇಳಿದ್ದು ನಿಜ. ಬ್ರಿಟನ್‌ನಲ್ಲಿ ಮನೆ ಬಳಕೆಯ ಕ್ಯಾರವಾನ್‌ಗೆ ಸ್ವಂತ ನಂಬರ್ ಇಲ್ಲ, ಎಳೆಯುವ ಕಾರಿನ ನಂಬರನ್ನೇ ಹಿಂದೆ ಹಾಕುತ್ತಾರೆ. ಜರ್ಮನಿಯಲ್ಲಿ ಹಾಗಲ್ಲ, ಅಲ್ಲಿ ಕ್ಯಾರವಾನ್‌ಗೆ ಅದರದ್ದೇ ನಂಬರ್, ಅದರದ್ದೇ ಕಾಗದ, ಎರಡು ವರ್ಷಕ್ಕೊಮ್ಮೆ ಅದರದ್ದೇ ತಪಾಸಣೆ. ಹಾಗಾಗಿ ಅಲ್ಲಿಯ ಪೊಲೀಸ್ 'ಇದರ ಕಾಗದ ಎಲ್ಲಿ' ಅಂದರೆ ಆಶ್ಚರ್ಯ ಇಲ್ಲ. ಬ್ರಿಟನ್ 28 ಮಾರ್ಚ್ 2019ರಿಂದ ಹೊರದೇಶಕ್ಕೆ ಹೋಗುವ ಟ್ರೈಲರ್‌ಗಳಿಗೆ ನೋಂದಣಿ ತಂದಿತು. ಅದು ಕಡ್ಡಾಯ ಆಗಿರೋದು ವ್ಯಾಪಾರದ್ದಾದರೆ 750 ಕೆಜಿ ಮೇಲೆ, ಸ್ವಂತದ್ದಾದರೆ 3,500 ಕೆಜಿ ಮೇಲೆ. ನಿಮ್ಮದಕ್ಕೆ ಕಡ್ಡಾಯ ಇಲ್ಲ, ಇಷ್ಟಪಟ್ಟರೆ ಮಾಡಿಸಬಹುದು. ನಾನಾಗಿದ್ದರೆ ಮಾಡಿಸುತ್ತೇನೆ. ಒಂದು ಕಾಗದ ತೋರಿಸೋದು ಅರ್ಧ ಗಂಟೆ ವಿವರಣೆ ಕೊಡೋದಕ್ಕಿಂತ ಸುಲಭ. ಜೊತೆಗೆ ಕ್ರಿಸ್ ಅನ್ನೋ ಅಲ್ಲಿಯ ಕ್ಯಾರವಾನ್ ನೋಂದಣಿ ವ್ಯವಸ್ಥೆಯ ದಾಖಲೆ ಇಟ್ಟುಕೊಳ್ಳಿ.

ಕಾರಿನ ವಿ5ಸಿ ಲಾಗ್‌ಬುಕ್, ಅಂದರೆ ನಮ್ಮ ಆರ್‌ಸಿ ಇದ್ದ ಹಾಗೆ, ಒರಿಜಿನಲ್ ಬೇಕು. ಲೀಸಿನ ಕಾರಾದರೆ ಅದರ ಬದಲು ವಿಇ103 ಅನ್ನೋ ಪತ್ರ. ಇನ್ಶೂರೆನ್ಸ್ ಇದೆ ಅಂತ ವಿದೇಶದಲ್ಲಿ ತೋರಿಸುವ ಗ್ರೀನ್ ಕಾರ್ಡ್ ಬೇಕಿಲ್ಲ, 2 ಆಗಸ್ಟ್ 2021ರಿಂದ ಯುರೋಪಿಯನ್ ಯೂನಿಯನ್‌ನಲ್ಲಿ ಬ್ರಿಟಿಷ್ ಗಾಡಿಗಳಿಗೆ ಅದು ಬಿಟ್ಟುಹೋಯಿತು. ಹಿಂದೆ ಇನ್ನೂ 'ಜಿಬಿ' ಸ್ಟಿಕ್ಕರ್ ಅಂಟಿಸಿದ್ದರೆ ಕಿತ್ತು 'ಯುಕೆ' ಅಂಟಿಸಿ, 28 ಸೆಪ್ಟೆಂಬರ್ 2021ರಿಂದ ಅದೇ ಲೆಕ್ಕ. ಇಂಗ್ಲೆಂಡ್, ಫ್ರಾನ್ಸ್ ಮಧ್ಯೆ ಇರುವ ಚಾನೆಲ್ ಸುರಂಗದ ರೈಲಿನಲ್ಲಿ ಹೋಗೋದಾದರೆ ಅಡುಗೆ ಗ್ಯಾಸಿನ ಸಿಲಿಂಡರ್ ಮಿತಿಯೊಳಗೆ ಇಡಬಹುದು, ವಾಲ್ವ್ ಮುಚ್ಚಿರಬೇಕು. ಗ್ಯಾಸಿನಿಂದಲೇ ಓಡುವ ಕಾರನ್ನು ಮಾತ್ರ ಒಳಗೆ ಬಿಡೋದಿಲ್ಲ. ಬಲಗಡೆ ಓಡಿಸುವ ದೇಶ ಅಂತ ಹೆಡ್‌ಲೈಟ್‌ಗೆ ಬೆಳಕು ತಿರುಗಿಸುವ ಸ್ಟಿಕ್ಕರ್ ಕೂಡ ಬೇಕು.

ಕ್ಯಾರವಾನ್ ರಿವರ್ಸ್ ತೆಗೆಯೋದು ನೆನೆಸಿಕೊಂಡರೇ ಬೆವರು ಬರುತ್ತೆ. ವೇಗದಲ್ಲಿ ಹಾವಿನ ಹಾಗೆ ಆಡುತ್ತಂತೆ, ನಿಜವಾ? ಭಾವನ ಜೊತೆ ನ್ಯೂಜಿಲೆಂಡ್‌ನಲ್ಲಿ ಹೋಗುವ ಪ್ಲಾನ್ ಇದೆ. (ಯಲಹಂಕ)

ನಿಜ. ಮಂಡ್ಯ ಕಡೆ ಎರಡು ಟ್ರೈಲರ್ ಕಬ್ಬು ಹೇರಿಕೊಂಡ ಟ್ರ್ಯಾಕ್ಟರ್ ಹಿಂದೆ ಸಿಕ್ಕಿಹಾಕಿಕೊಂಡಿದ್ದರೆ ಆ ಓಲಾಟ ನಿಮಗೆ ಗೊತ್ತು. ಟ್ರ್ಯಾಕ್ಟರ್ ನಿಧಾನ ಇರೋದರಿಂದ ಬದುಕಿದೆವು. ತೊಂಬತ್ತರ ವೇಗದಲ್ಲಿ, ದೊಡ್ಡ ಲಾರಿ ಪಕ್ಕದಲ್ಲಿ ಹಾದು ಗಾಳಿ ತಳ್ಳಿದಾಗ ಕ್ಯಾರವಾನ್ ಹಾಗೆ ಶುರು ಮಾಡಿದರೆ, ಮೊದಲು ಕಾಲು ಆಕ್ಸಿಲರೇಟರ್‌ನಿಂದ ತೆಗೆಯಿರಿ. ಬ್ರೇಕ್ ಜೋರಾಗಿ ಒತ್ತಬೇಡಿ. ಸ್ಟೀರಿಂಗ್ ನೇರ ಹಿಡಿದು ಸುಮ್ಮನಿರಿ, ಅದು ಎಡಕ್ಕೆ ಹೋದರೆ ನೀವು ಬಲಕ್ಕೆ ತಿರುಗಿಸುವ ಆಟ ಬೇಡ. ವೇಗ ಇಳಿದ ಹಾಗೆ ತಾನೇ ನಿಲ್ಲುತ್ತದೆ. ಆಮೇಲೆ ಎಲ್ಲಾದರೂ ನಿಲ್ಲಿಸಿ ಸಾಮಾನು ಸರಿಮಾಡಿ. ಹೊಸಬರಿಗೆ ಬ್ರಿಟನ್‌ನವರು ಹೇಳುವ ಒಂದು ಲೆಕ್ಕ ಇದೆ: ತುಂಬಿದ ಕ್ಯಾರವಾನಿನ ತೂಕ ಕಾರಿನ ತೂಕದ 85 ಶೇಕಡಾ ದಾಟದಿರಲಿ. ಕಾನೂನಲ್ಲ, ಆದರೂ ಪಾಲಿಸುವಂಥದ್ದೇ.

ನ್ಯೂಜಿಲೆಂಡ್‌ನಲ್ಲಿ ಎಳೆಯುವ ಗಾಡಿಗೆ ಗಂಟೆಗೆ 90 ಕಿಲೋಮೀಟರ್ ಮಿತಿ. ನೆದರ್‌ಲ್ಯಾಂಡ್ಸ್‌ನಲ್ಲೂ 90. ಸ್ವಿಟ್ಜರ್ಲೆಂಡ್ 2021ರಲ್ಲಿ ಮೋಟಾರ್‌ವೇನಲ್ಲಿ 80ರಿಂದ 100ಕ್ಕೆ ಏರಿಸಿತು. ಕ್ಯಾಲಿಫೋರ್ನಿಯಾದಲ್ಲಿ 55 ಮೈಲಿ, ಬೋರ್ಡಿನಲ್ಲಿ 65 ಅಂತ ದೊಡ್ಡದಾಗಿ ಬರೆದಿದ್ದರೂ ನಿಮಗೆ 55ಏ. ಬ್ರಿಟನ್‌ನ ಮೋಟಾರ್‌ವೇನಲ್ಲಿ 60 ಮೈಲಿ, ಮೂರು ಅಥವಾ ಜಾಸ್ತಿ ಲೇನ್ ಇದ್ದರೆ ಬಲತುದಿಯ ಲೇನಿಗೆ ಹೋಗುವ ಹಾಗಿಲ್ಲ.

ರಿವರ್ಸ್‌ಗೆ ಒಂದು ಉಪಾಯ. ಕೈಯನ್ನು ಸ್ಟೀರಿಂಗಿನ ಕೆಳಭಾಗದಲ್ಲಿ ಇಟ್ಟುಕೊಳ್ಳಿ. ಕ್ಯಾರವಾನಿನ ಹಿಂಭಾಗ ಯಾವ ಕಡೆ ಹೋಗಬೇಕೋ ಆ ಕಡೆಗೆ ಕೈ ಸರಿಸಿ. ಸ್ವಲ್ಪವೇ. ತಿರುಗಲು ಶುರುವಾದ ಕೂಡಲೇ ಕಾರನ್ನು ಅದರ ಹಿಂದೆ ನೇರ ಮಾಡಿಕೊಳ್ಳಿ. ಕೋನ ಜಾಸ್ತಿಯಾಗಿ ಕಾರು, ಕ್ಯಾರವಾನ್ ಒಂದಕ್ಕೊಂದು ಮಡಚಿಕೊಳ್ಳುವ ಹಾಗೆ ಕಂಡರೆ ಹಟ ಮಾಡಬೇಡಿ, ಮುಂದೆ ಎಳೆದು ಮತ್ತೆ ಶುರುಮಾಡಿ. ಭಾವನನ್ನು ಇಳಿಸಿ ಹಿಂದೆ ನಿಲ್ಲಿಸಿ, ಆದರೆ ನಿಮ್ಮ ಕನ್ನಡಿಯಲ್ಲಿ ಕಾಣುವ ಜಾಗದಲ್ಲಿ. ಬೆಂಗಳೂರಿನಲ್ಲಿ 'ಬರ್ಲಿ ಬರ್ಲಿ ಬರ್ಲಿ' ಅಂತ ಕಾಣದ ಮೂಲೆಯಿಂದ ಕೂಗಿ ಕೊನೆಗೆ ಕಂಬಕ್ಕೆ ಗುದ್ದಿಸುವವರ ಸಹಾಯ ಬೇಡ.

ದಂಡ ಹಾಕಿದರೆ ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಿ ಅಂತ ಕೇಳಬಹುದಾ? ಕಟ್ಟದೆ ಬಂದುಬಿಟ್ಟರೆ ಬೆಂಗಳೂರಿಗೆ ಹುಡುಕಿಕೊಂಡು ಬರುತ್ತಾರಾ? (ರಾಜಾಜಿನಗರ)

ಅಡ್ಜಸ್ಟ್ ಅನ್ನೋ ಮಾತೇ ಎತ್ತಬೇಡಿ. ಪಾಸ್‌ಪೋರ್ಟ್ ಒಳಗೆ ನೋಟು ಇಟ್ಟು ಕೊಟ್ಟರೆ ದಂಡದ ಕೇಸ್ ಹೋಗಿ ಲಂಚದ ಕೇಸ್ ಆಗುತ್ತದೆ.

ಕಟ್ಟದೆ ಬರೋದೂ ಸುಲಭ ಇಲ್ಲ. ಇಟಲಿಯಲ್ಲಿ ವಿದೇಶಿ ನಂಬರಿನ ಗಾಡಿಯವರು ಅಲ್ಲೇ ಕಟ್ಟಬೇಕು ಅಥವಾ ಠೇವಣಿ ಇಡಬೇಕು. ಇಲ್ಲದಿದ್ದರೆ ಗಾಡಿ ಹಿಡಿದಿಟ್ಟುಕೊಳ್ಳುತ್ತಾರೆ. ಫ್ರಾನ್ಸ್, ಸ್ಪೇನ್‌ನಲ್ಲೂ ಹೊರಗಿನವರಿಂದ ಸ್ಥಳದಲ್ಲೇ ವಸೂಲಿ ಇದೆ. ರಿಯಾಯಿತಿ ಬೇಕಾದರೆ ಕಾನೂನಿನಲ್ಲೇ ಇದೆ: ಇಟಲಿಯಲ್ಲಿ ಸಾಮಾನ್ಯ ತಪ್ಪುಗಳಿಗೆ 5 ದಿನದಲ್ಲಿ ಕಟ್ಟಿದರೆ 30 ಶೇಕಡಾ, ಸ್ಪೇನ್‌ನಲ್ಲಿ 20 ದಿನದ ಒಳಗೆ 50 ಶೇಕಡಾ ಕಡಿಮೆ. ಕಾರ್ಡ್‌ನಲ್ಲಿ ಕಟ್ಟಿ, ರಸೀದಿ ತಗೊಳ್ಳಿ. ರಸೀದಿ ಕೊಡೋದಿಲ್ಲ ಅಂದರೆ ಎದುರಿಗೆ ನಿಂತವನು ಪೊಲೀಸ್ ಹೌದೋ ಅಲ್ಲವೋ ಅಂತ ಅನುಮಾನಪಡಿ. ಕ್ಯಾಮೆರಾಗೆ ಸಿಕ್ಕ ದಂಡ ತಡವಾಗಿ ಬರುತ್ತದೆ, ಇಟಲಿಗೆ ವಿದೇಶದವರಿಗೆ ನೋಟಿಸ್ ಕಳಿಸಲು 360 ದಿನ ಅವಕಾಶ ಇದೆ. ನೀವು ಇಲ್ಲಿಗೆ ಬಂದಿರಬಹುದು, ಕಾರು ಅಲ್ಲಿರುವ ಮಗನ ಹೆಸರಲ್ಲಿದ್ದರೆ? ಅವನ ಮನೆ ಬಾಗಿಲಿಗೆ ಹೋಗುತ್ತದೆ.

ಇಲ್ಲಿಂದಲೇ ನಮ್ಮ ಎಸ್‌ಯುವಿಗೆ ಕ್ಯಾರವಾನ್ ಕಟ್ಟಿಕೊಂಡು ಲಂಡನ್‌ವರೆಗೆ ಹೋದರೆ? (ಹೆಬ್ಬಾಳ)

ಕಾರ್ನೆ ಬೇಕು. ಕಾರ್ನೆ ದ ಪಾಸಾಜ್, ಗಾಡಿಯ ಪಾಸ್‌ಪೋರ್ಟ್ ಇದ್ದ ಹಾಗೆ. ಮುಂಬೈನ ವೆಸ್ಟರ್ನ್ ಇಂಡಿಯಾ ಆಟೋಮೊಬೈಲ್ ಅಸೋಸಿಯೇಷನ್ ಕೊಡುತ್ತದೆ, ಅದಕ್ಕೆ ದೊಡ್ಡ ಮೊತ್ತದ ಗ್ಯಾರಂಟಿ ಇಡಬೇಕು. ಕಾರ್ನೆ ಕೇಳುವ ದೇಶಗಳಲ್ಲಿ ಒಳಗೆ ಹೋಗುವಾಗೊಂದು ಮುದ್ರೆ, ಹೊರಗೆ ಬರುವಾಗೊಂದು ಮುದ್ರೆ. ಒಂದು ತಪ್ಪಿದರೆ ಗಾಡಿಯನ್ನು ಅಲ್ಲೇ ಮಾರಿದ್ದೀರಿ ಅಂತ ಕಸ್ಟಮ್ಸ್ ಸುಂಕ ಕೇಳುತ್ತಾರೆ. ಹಿಂದೆ 'ಐಎನ್‌ಡಿ' ಅನ್ನೋ ಮೊಟ್ಟೆಯಾಕಾರದ ಫಲಕ ಇರಬೇಕು. ಕಾರು ಒಯ್ದವರು ಇದ್ದಾರೆ. ಕ್ಯಾರವಾನ್ ಕೂಡ ಎಳೆದುಕೊಂಡು ಹೋಗೋದು ಸುಮ್ನೆ ತಲೆನೋವು, ಯುರೋಪ್ ತಲುಪಿ ಅಲ್ಲಿ ಬಾಡಿಗೆಗೆ ಹಿಡಿಯಿರಿ.

ತಮ್ಮ ಪರ್ತ್‌ನಲ್ಲಿದ್ದಾನೆ. ಅಡಿಲೇಡ್‌ನಿಂದ ಪರ್ತ್‌ಗೆ ಕ್ಯಾರವಾನ್‌ನಲ್ಲಿ ಹೋಗೋಣ ಅಂತಾನೆ. ಒಂದೇ ದೇಶ ಅಲ್ವಾ, ಅಲ್ಲಿ ತಪಾಸಣೆ ಏನೂ ಇರಲ್ಲ ತಾನೇ? (ಎಲೆಕ್ಟ್ರಾನಿಕ್ ಸಿಟಿ)

ಒಂದೇ ದೇಶ, ಆದರೆ ಕ್ಯಾರವಾನಿನ ಫ್ರಿಜ್ಜು ಬಿಚ್ಚಿಸುವ ತಪಾಸಣೆ ಇರೋದು ಅಲ್ಲೇ! ಅಡಿಲೇಡ್ ಇರೋದು ಸೌತ್ ಆಸ್ಟ್ರೇಲಿಯಾದಲ್ಲಿ, ಪರ್ತ್ ವೆಸ್ಟರ್ನ್ ಆಸ್ಟ್ರೇಲಿಯಾದಲ್ಲಿ. ಮಧ್ಯೆ ನಲ್ಲಾರ್ಬೋರ್ ಬಯಲು, ಅದರಲ್ಲಿ 146.6 ಕಿಲೋಮೀಟರ್ ಒಂದು ತಿರುವೂ ಇಲ್ಲದ ರಸ್ತೆ. ಪೆಟ್ರೋಲ್ ಬಂಕ್ ದೂರ ದೂರ, ಸಿಕ್ಕಲ್ಲಿ ತುಂಬಿಸಿ. ಸಂಜೆ ಮೇಲೆ ಓಡಿಸಬೇಡಿ, ಕಾಂಗರೂ ಅಡ್ಡ ಬರೋದು ಆಗಲೇ.

ಎರಡು ರಾಜ್ಯಗಳ ಗಡಿಯಲ್ಲಿ, ಬಾರ್ಡರ್ ವಿಲೇಜ್ ಅನ್ನೋ ಜಾಗದಲ್ಲಿ, ಪಶ್ಚಿಮಕ್ಕೆ ಹೋಗುವ ಪ್ರತಿ ಗಾಡಿಯನ್ನೂ ನಿಲ್ಲಿಸುತ್ತಾರೆ. ಇಲ್ಲಿ ಲೈಸೆನ್ಸ್ ಕೇಳಲು ಬಂದವರಲ್ಲ ಅವರು, ಹುಳ ಮತ್ತು ರೋಗ ತಡೆಯಲು ಬಂದವರು. ಹಸಿ ಹಣ್ಣು, ತರಕಾರಿ, ಸಸಿ, ಬೀಜ, ಜೇನುತುಪ್ಪ ಒಳಗೆ ಬಿಡೋದಿಲ್ಲ. ಜೇನು ಯಾಕೆ ಅಂದರೆ ಪಶ್ಚಿಮದ ಜೇನುಹುಳಗಳಿಗೆ ಹೊರಗಿನ ರೋಗ ಬರಬಾರದು ಅಂತ. ಕೊಡಗಿನಿಂದ ತಂದದ್ದು, ಶುದ್ಧವಾದದ್ದು ಅಂತೆಲ್ಲ ಹೇಳಿದರೂ ಬುಟ್ಟಿಗೇ ಹೋಗುತ್ತದೆ. ಕ್ಯಾರವಾನಿನ ಫ್ರಿಜ್ಜು, ಕಪಾಟು, ಸೀಟಿನ ಕೆಳಗಿನ ಪೆಟ್ಟಿಗೆ ಎಲ್ಲಾ ನೋಡುತ್ತಾರೆ. ಟೈರಿಗೆ ಮೆತ್ತಿದ ಮಣ್ಣಿಗೂ ತಕರಾರು ಬರಬಹುದು. ಕೇಳುವ ಮುಂಚೆ ನೀವೇ ಹೇಳಿ ಕೊಟ್ಟುಬಿಟ್ಟರೆ ಏನೂ ಆಗಲ್ಲ, ಬಚ್ಚಿಟ್ಟು ಸಿಕ್ಕರೆ ದಂಡ. ವಾಪಸ್ ಪೂರ್ವಕ್ಕೆ ಬರುವಾಗ ಇದೇ ಕೆಲಸ ಸೆಡೂನಾ ಊರಿನಲ್ಲಿ ಆಗುತ್ತದೆ, ಅಲ್ಲಿ ಹಣ್ಣಿನ ನೊಣದ ಭಯ.

ಬೇಯಿಸಿದ ಪದಾರ್ಥಕ್ಕೆ ಅವರ ತಕರಾರಿಲ್ಲ. ಹಾಗಾಗಿ ಅಡಿಲೇಡ್‌ನಲ್ಲಿ ಮೂರು ದಿನಕ್ಕೆ ಬೇಕಾದಷ್ಟೇ ತರಕಾರಿ ಕೊಳ್ಳಿ. ಗಡಿಗೆ ಹಿಂದಿನ ರಾತ್ರಿ ಎಲ್ಲಿ ತಂಗುತ್ತೀರೋ ಅಲ್ಲೇ ಉಳಿದ ಬದನೆಕಾಯಿ, ಟೊಮೆಟೊ, ಬೀನ್ಸ್ ಎಲ್ಲಾ ಹಾಕಿ ಒಂದು ದೊಡ್ಡ ಪಾತ್ರೆ ಹುಳಿ ಮಾಡಿಬಿಡಿ.